ಗಾಳಿ ಕಲಿಸಿದ್ದನ್ನು ಹಂಚಿಕೊಂಡವರು: ಗಾಳಿ ವಿದ್ಯುತ್ ಮತ್ತು ವಿದ್ಯುತ್ ಕಂಪನಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯುತ್ ಜಾಲದ ನಿಯಂತ್ರಣ ಕೊಠಡಿಯಲ್ಲಿ ಬಹಳ ವರ್ಷ ಪಾಳಿ ಮಾಡಿದವನು ನಾನು. ಕಾಲೇಜುಗಳಿಗೆ ಮಾತನಾಡಲು ಹೋದಾಗ, ಚಿತ್ರದುರ್ಗದ ಗುಡ್ಡಗಳು ಕಂಡೊಡನೆ ರೈಲಿನಲ್ಲಿ ಪಕ್ಕದವರು ಮಾತು ತೆಗೆದಾಗ, ಪರಿಚಯದವರು ಪತ್ರ ಬರೆದಾಗ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು ಬರುತ್ತವೆ. ಇಂಜಿನಿಯರಿಂಗ್ ಓದುತ್ತಿರುವವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲು ತಿಳಿಯಬೇಕಾದವು

ಗಾಳಿ ಬೀಸಿದರೆ ಕರೆಂಟು, ನಿಂತರೆ ಇಲ್ಲ. ಇದರಲ್ಲಿ ವಿದ್ಯುತ್ ಕಂಪನಿ ಕಲಿಯುವುದಕ್ಕೆ ಏನಿದೆ ಸಾರ್?

ವಿದ್ಯುತ್ ಜಾಲಕ್ಕೆ ಕಣಜವಿಲ್ಲ. ಈ ಕ್ಷಣ ನೀವು ಮಿಕ್ಸಿ ಹಾಕಿದರೆ ಈ ಕ್ಷಣವೇ ಎಲ್ಲೋ ಒಂದು ಜನರೇಟರ್ ಅಷ್ಟು ಹೆಚ್ಚಿಗೆ ಕೊಡಬೇಕು. ಕೊಡದಿದ್ದರೆ ಫ್ರೀಕ್ವೆನ್ಸಿ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಡುತ್ತದೆ ಎಂಬ ಲೆಕ್ಕ, ಇಳಿಯುತ್ತದೆ. ನಮ್ಮ ದೇಶದಲ್ಲಿ ಅದು 49.90ರಿಂದ 50.05 ಹರ್ಟ್ಸ್ ಒಳಗೆ ಇರಬೇಕೆಂಬುದು ನಿಯಮ. ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಆ ಅಂಕಿ ದೊಡ್ಡದಾಗಿ ಉರಿಯುತ್ತಿರುತ್ತದೆ. ಬುತ್ತಿ ಬಿಚ್ಚಿ ಊಟಕ್ಕೆ ಕುಳಿತಾಗಲೂ ನಮ್ಮ ಕಣ್ಣು ಅದರ ಮೇಲೆಯೇ.

ಇಂಥ ಜಾಲಕ್ಕೆ ಗಾಳಿ ಬಂದು ಸೇರುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಸೆಕೆಂಡಿಗೆ 8 ಮೀಟರ್ ಬೀಸುತ್ತದೆ ಎಂದು ಲೆಕ್ಕ ಹಾಕಿ ಕುಳಿತಿದ್ದಾಗ 7 ಮೀಟರ್ ಬೀಸಿದರೆ, ನಿರೀಕ್ಷಿಸಿದ ಶಕ್ತಿಯಲ್ಲಿ ಮೂರನೇ ಒಂದು ಪಾಲು ಬರುವುದೇ ಇಲ್ಲ. ಕೆನ್ನೆಗೆ ಗೊತ್ತೇ ಆಗದಷ್ಟು ಸಣ್ಣ ವ್ಯತ್ಯಾಸ ಅದು. ಇನ್ನೊಂದು ತುದಿಯಲ್ಲಿ, ವೇಗ ಸೆಕೆಂಡಿಗೆ ಸುಮಾರು 25 ಮೀಟರ್ ದಾಟಿದರೆ ಹೆಚ್ಚಿನ ಯಂತ್ರಗಳು ತಮ್ಮ ರಕ್ಷಣೆಗಾಗಿ ತಾವೇ ನಿಂತುಬಿಡುತ್ತವೆ. ಕಲ್ಲಿದ್ದಲು ಸ್ಥಾವರ ನಡೆಸಿದ ಅನುಭವ ಇಲ್ಲಿ ಸಾಲದು. ಹೊಸದಾಗಿಯೇ ಕಲಿಯಬೇಕಾಯಿತು.

ಗುಡ್ಡದ ಮೇಲೆ ಯಾವಾಗ ನೋಡಿದರೂ ಒಂದೆರಡು ಗಾಳಿಯಂತ್ರ ನಿಂತೇ ಇರುತ್ತವೆ. ಕೆಟ್ಟು ಹೋಗಿರುತ್ತವೆಯೇ?

ಕೆಲವೊಮ್ಮೆ ಹೌದು. ಆದರೆ ಅಲ್ಲಿ ಗಾಳಿ ಸೆಕೆಂಡಿಗೆ 3 ಮೀಟರ್‌ಗಿಂತ ಕಡಿಮೆ ಇರಬಹುದು, ನಿರ್ವಹಣೆ ನಡೆಯುತ್ತಿರಬಹುದು, ಜಾಲದಲ್ಲಿ ಜಾಗವಿಲ್ಲವೆಂದು ನಿಲ್ಲಿಸಲು ಹೇಳಿರಲೂಬಹುದು. ಒಂದೇ ಗುಡ್ಡದ ಎರಡು ಮೈಗಳಲ್ಲಿ ಗಾಳಿ ಒಂದೇ ಥರ ಇರುವುದಿಲ್ಲ ಎಂಬುದು ಜಾಲಕ್ಕೆ ಉಪಕಾರವೇ. ನೂರಾರು ಯಂತ್ರಗಳು ಹರಡಿಕೊಂಡಾಗ ಒಂದರ ಏರು ಇನ್ನೊಂದರ ಇಳಿತವನ್ನು ಸರಿದೂಗಿಸುತ್ತದೆ.

ವಿದ್ಯುತ್ ಕಂಪನಿಗಳು ತಮ್ಮ ಗುಟ್ಟನ್ನು ಇನ್ನೊಂದು ಕಂಪನಿಗೆ ಏಕೆ ಹೇಳಿಕೊಡುತ್ತವೆ? ಪೈಪೋಟಿ ಇಲ್ಲವೇ?

ಸೋಪು ಮಾರುವವರಿಗಿರುವ ಪೈಪೋಟಿ ಇಲ್ಲಿಲ್ಲ. ಬೆಸ್ಕಾಂ ಗ್ರಾಹಕರನ್ನು ಹೆಸ್ಕಾಂ ಸೆಳೆದುಕೊಳ್ಳಲಾರದು. ಪ್ರತಿ ಕಂಪನಿಗೂ ಅದರದೇ ಊರು, ಅದರದೇ ತಂತಿ. ಅಮೆರಿಕದಲ್ಲೂ ಬಹುಪಾಲು ಹೀಗೆಯೇ. ಪೈಪೋಟಿ ಇರುವುದು ಯಂತ್ರ ತಯಾರಕರ ನಡುವೆ, ಗಾಳಿ ಸ್ಥಾವರ ಕಟ್ಟಿ ಮಾರುವವರ ನಡುವೆ. ಅವರ ಮಾತನ್ನು ಒರೆಗೆ ಹಚ್ಚಿ ನೋಡಲು ಕೊಳ್ಳುವ ಕಂಪನಿಗೆ ಬೇಕಾಗಿರುವುದು ಅದೇ ಯಂತ್ರವನ್ನು ಎರಡು ವರ್ಷ ನಡೆಸಿದ ಇನ್ನೊಂದು ಕಂಪನಿಯ ಇಂಜಿನಿಯರ್. ಎತ್ತು ಕೊಳ್ಳುವ ಮುನ್ನ ಅದನ್ನು ಹೂಡಿದವನನ್ನು ಕೇಳುವುದಿಲ್ಲವೇ, ಹಾಗೆ.

ಇನ್ನೊಂದು ಕಾರಣವೂ ಉಂಟು. ಜಾಲಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಪಕ್ಕದವನ ಅಜ್ಞಾನದಿಂದ ಆದ ತಪ್ಪಿಗೆ ನಮ್ಮ ಫ್ರೀಕ್ವೆನ್ಸಿಯೂ ಕುಸಿಯುತ್ತದೆ.

ಈ ಹಂಚಿಕೊಳ್ಳುವ ಪದ್ಧತಿ ಎಲ್ಲಿ ಶುರುವಾಯಿತು?

ಅಮೆರಿಕದ ವರ್ಮಾಂಟ್ ರಾಜ್ಯದ ಗ್ರ್ಯಾಂಡ್‌ಪಾಸ್ ನಾಬ್ ಎಂಬ ಗುಡ್ಡದ ಮೇಲೆ 1941ರಲ್ಲಿ 1.25 ಮೆಗಾವಾಟ್‌ನ ಎರಡು ರೆಕ್ಕೆಯ ಯಂತ್ರವನ್ನು ಅಲ್ಲಿನ ವಿದ್ಯುತ್ ಕಂಪನಿಯ ಜಾಲಕ್ಕೆ ಜೋಡಿಸಿದರು. ಮೆಗಾವಾಟ್ ದಾಟಿದ ಮೊದಲ ಗಾಳಿಯಂತ್ರ ಅದು. 1943ರಲ್ಲಿ ಒಂದು ಬೇರಿಂಗ್ ಹೋಯಿತು. ಯುದ್ಧಕಾಲವಾದ್ದರಿಂದ ಹೊಸದು ಬರಲು ಎರಡು ವರ್ಷ ಹಿಡಿಯಿತು. ಮತ್ತೆ ತಿರುಗತೊಡಗಿದ ಕೆಲವೇ ವಾರಗಳಲ್ಲಿ, 1945ರ ಮಾರ್ಚ್ 26ರಂದು, ಒಂದು ರೆಕ್ಕೆಯೇ ಮುರಿದು ಹಾರಿಹೋಯಿತು. ಯೋಜನೆ ಅಲ್ಲಿಗೆ ಮುಗಿಯಿತು. ಆದರೆ ಅದರ ಇಂಜಿನಿಯರ್ ಪಾಮರ್ ಪಟ್ನಮ್ ಸೋಲನ್ನೂ ಸೇರಿಸಿ ಇಡೀ ವೃತ್ತಾಂತವನ್ನು 1948ರಲ್ಲಿ ಪುಸ್ತಕವಾಗಿ ಹೊರತಂದರು. ನನ್ನ ಪಾಲಿಗೆ ಹಂಚಿಕೊಳ್ಳುವ ಪದ್ಧತಿ ಅಲ್ಲಿಂದಲೇ ಶುರು.

ಕಂಪನಿಗಳೇ ಒಟ್ಟಾಗಿ ಕುಳಿತದ್ದು 1989ರಲ್ಲಿ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್, ಟೆಹಾಚಪಿ ಕಣಿವೆಗಳಲ್ಲಿ ತೆರಿಗೆ ರಿಯಾಯಿತಿಯ ಆಸೆಗೆ ಸಾವಿರಾರು ಯಂತ್ರಗಳು ಎದ್ದು, ಅನೇಕವು ಬೇಗನೆ ಕೆಟ್ಟು, ಗಾಳಿ ವಿದ್ಯುತ್ತಿನ ಹೆಸರೇ ಹಾಳಾಗಿತ್ತು. ಯಾವುದು ನಿಜ, ಯಾವುದು ಮಾರಾಟದ ಮಾತು ಎಂದು ತಿಳಿಯಲು ಕೆಲವು ವಿದ್ಯುತ್ ಕಂಪನಿಗಳು ಯುಟಿಲಿಟಿ ವಿಂಡ್ ಇಂಟರೆಸ್ಟ್ ಗ್ರೂಪ್ ಎಂಬ ಕೂಟ ಕಟ್ಟಿದವು. ಅಮೆರಿಕದ ಇಂಧನ ಇಲಾಖೆ ಮತ್ತು ವಿದ್ಯುತ್ ಕಂಪನಿಗಳದೇ ಸಂಶೋಧನಾ ಸಂಸ್ಥೆಯಾದ ಎಪ್ರಿ ಬೆಂಬಲಕ್ಕೆ ನಿಂತವು. ಮುಂದೆ ಹೆಸರಿನಲ್ಲಿದ್ದ ‘ಇಂಟರೆಸ್ಟ್’ ಹೋಗಿ ‘ಇಂಟಿಗ್ರೇಷನ್’ ಬಂದಿತು. ಆಸಕ್ತಿಯ ಕಾಲ ಮುಗಿದು ಜೋಡಣೆಯ ಕಾಲ ಬಂದದ್ದು ಆ ಒಂದು ಪದದಲ್ಲೇ ಕಾಣುತ್ತದೆ. ಈಗ ಅದು ಎನರ್ಜಿ ಸಿಸ್ಟಮ್ಸ್ ಇಂಟಿಗ್ರೇಷನ್ ಗ್ರೂಪ್.

## ಅನುಭವದಿಂದ ಕಲಿತವು

ಸಭೆ ಸೇರಿ ಮಾತನಾಡಿದ್ದು ಬಿಟ್ಟರೆ ಕೈಯಾರೆ ಮಾಡಿ ನೋಡಿದ್ದು ಏನಾದರೂ ಉಂಟೇ?

ಉಂಟು, ನನಗೆ ಬಹಳ ಇಷ್ಟವಾದ ಅಧ್ಯಾಯ ಅದು. 1990ರ ದಶಕದಲ್ಲಿ ಇಂಧನ ಇಲಾಖೆ ಮತ್ತು ಎಪ್ರಿ ಸೇರಿ ಗಾಳಿಯಂತ್ರಗಳ ಪರಿಶೀಲನಾ ಕಾರ್ಯಕ್ರಮ ನಡೆಸಿದವು. ಬೇರೆ ಬೇರೆ ಹವೆಯಲ್ಲಿ, ಬೇರೆ ಬೇರೆ ಕಂಪನಿಗಳ ಕೈಯಲ್ಲಿ ಸಣ್ಣ ಸ್ಥಾವರಗಳನ್ನು ನಡೆಸಿ, ಆದದ್ದನ್ನೆಲ್ಲ ಬರೆದು ಉಳಿದವರಿಗೆ ಕೊಡುವುದು ಅದರ ಕೆಲಸ.

ಟೆಕ್ಸಾಸ್‌ನ ಫೋರ್ಟ್ ಡೇವಿಸ್ ಬಳಿ 12 ಯಂತ್ರಗಳನ್ನು ನಿಲ್ಲಿಸಿದರು. ಅಲ್ಲಿ ಪಾಠ ಕಲಿಸಿದ್ದು ಸಿಡಿಲು. ಬಯಲಿನಲ್ಲಿ ಎತ್ತರಕ್ಕೆ ನಿಂತ ರೆಕ್ಕೆಗೂ ಗೋಪುರದ ಬುಡದ ನಿಯಂತ್ರಣ ಪೆಟ್ಟಿಗೆಗೂ ಸಿಡಿಲಿನಿಂದ ಏನಾಗುತ್ತದೆ, ಅರ್ಥಿಂಗ್ ಹೇಗಿರಬೇಕು ಎಂಬುದನ್ನು ಅಲ್ಲಿನವರು ವರದಿ ಮಾಡಿದರು. ವರ್ಮಾಂಟ್‌ನ ಸೀರ್ಸ್‌ಬರ್ಗ್‌ನಲ್ಲಿ 1997ರಲ್ಲಿ 11 ಯಂತ್ರಗಳು ಬಂದವು. ಅಲ್ಲಿನ ಕಷ್ಟ ಹಿಮ. ರೆಕ್ಕೆಯ ಮೇಲೆ ಮಂಜುಗಡ್ಡೆ ಕಟ್ಟಿದರೆ ಅದರ ಆಕಾರವೇ ಕೆಟ್ಟು ವಿದ್ಯುತ್ ಇಳಿಯುತ್ತದೆ. ಅದಕ್ಕೆ ರೆಕ್ಕೆಗಳಿಗೆ ಕಪ್ಪು ಬಣ್ಣ ಕೊಟ್ಟರು, ಬಿಸಿಲು ಹೀರಿ ಗಡ್ಡೆ ಬೇಗ ಕಳಚಿಕೊಳ್ಳಲಿ ಎಂದು. ಎಲ್ಲೆಲ್ಲೂ ಬಿಳಿ ರೆಕ್ಕೆ ನೋಡಿದವರಿಗೆ ಬೆಟ್ಟದ ಮೇಲೆ ಕಪ್ಪು ರೆಕ್ಕೆಗಳು ತಿರುಗುವ ಆ ಚಿತ್ರ ಮರೆಯುವುದಿಲ್ಲ.

ಅಲಾಸ್ಕದ ಕಾಟ್ಸೆಬ್ಯೂ ಆರ್ಕ್ಟಿಕ್ ವೃತ್ತದಿಂದಲೂ ಉತ್ತರಕ್ಕಿರುವ ಊರು. ಹೊರಗಿನ ಜಾಲವೇ ಇಲ್ಲ, ಡೀಸೆಲ್ ಜನರೇಟರ್‌ಗಳೇ ಗತಿ. ಅಲ್ಲಿನ ಸಹಕಾರಿ ವಿದ್ಯುತ್ ಸಂಘ ಚಿಕ್ಕ ಯಂತ್ರಗಳನ್ನು ಹಾಕಿ ಡೀಸೆಲ್ ಜೊತೆ ಗಾಳಿಯನ್ನು ಹೊಂದಿಸುವುದನ್ನು ಕಲಿಯಿತು. ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿನ ಗಾಳಿ 30 ಡಿಗ್ರಿ ಬಿಸಿಗಾಳಿಗಿಂತ ಸುಮಾರು ಕಾಲುಭಾಗ ಹೆಚ್ಚು ಸಾಂದ್ರ. ಅದೇ ವೇಗಕ್ಕೆ ಅಷ್ಟು ಹೆಚ್ಚು ಶಕ್ತಿ. ಬಳ್ಳಾರಿಯ ಬಿಸಿಲಿನಲ್ಲಿ ಯಂತ್ರ ನಡೆಸುವವರಿಗೆ ಈ ಲೆಕ್ಕ ತಿರುಗುಮುರುಗು. ಒಂದು ಊರಿನ ಅಂಕಿಯನ್ನು ಇನ್ನೊಂದು ಊರಿಗೆ ಹಾಗೆಯೇ ಹಚ್ಚಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

100 ಮೆಗಾವಾಟ್ ಗಾಳಿ ಹಾಕಿದರೆ 100 ಮೆಗಾವಾಟ್ ಕಲ್ಲಿದ್ದಲು ಸ್ಥಾವರವನ್ನು ಕಾದಿರಿಸಬೇಕಂತೆ, ನಿಜವೇ?

ಇಲ್ಲ. ಆದರೂ ಬಹುಕಾಲ ಎಲ್ಲರೂ ಹಾಗೆಂದೇ ನಂಬಿದ್ದರು, ನಾನೂ ನಂಬಿದ್ದೆ. ಯಾರ ಹತ್ತಿರವೂ ಲೆಕ್ಕವಿರಲಿಲ್ಲ. ಮನೆಗಳ ಬೇಡಿಕೆಯೂ ಕ್ಷಣಕ್ಷಣಕ್ಕೆ ಏರಿಳಿಯುತ್ತದೆ, ದೊಡ್ಡ ಸ್ಥಾವರವೂ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಅವಕ್ಕೆಂದು ಇಟ್ಟ ಮೀಸಲಿನ ಮೇಲೆ ಗಾಳಿಗಾಗಿ ಎಷ್ಟು ಹೆಚ್ಚು ಬೇಕು ಎಂಬುದೇ ಸರಿಯಾದ ಪ್ರಶ್ನೆ.

ಮೇಲೆ ಹೇಳಿದ ಕೂಟ 2003ರಲ್ಲಿ ಎಕ್ಸೆಲ್ ಎನರ್ಜಿ ಎಂಬ ಕಂಪನಿಯ ಮಿನೆಸೋಟ ಕಡೆಯ ಜಾಲವನ್ನು ಅಧ್ಯಯನ ಮಾಡಿಸಿತು. ಗಾಳಿಯ ಪಾಲು ಶೇ 3.5 ಇದ್ದಾಗ ಅದನ್ನು ಹೊಂದಿಸಿಕೊಳ್ಳುವ ಹೆಚ್ಚುವರಿ ಖರ್ಚು ಮೆಗಾವಾಟ್-ಗಂಟೆಗೆ, ಅಂದರೆ ಸಾವಿರ ಯೂನಿಟ್‌ಗೆ, 1.85 ಡಾಲರ್ ಎಂದು ಬಂತು. ಪಾಲು ಶೇ 15ಕ್ಕೆ ಏರಿದರೆ 4.60 ಡಾಲರ್ ಎಂದು ಮರುವರ್ಷದ ಅಧ್ಯಯನ ಹೇಳಿತು. 2006ರಲ್ಲಿ ಇಡೀ ಮಿನೆಸೋಟ ರಾಜ್ಯವನ್ನು ದೊಡ್ಡ ಮಾರುಕಟ್ಟೆಯೊಳಗೆ ಇಟ್ಟು ನೋಡಿದಾಗ, ಗಾಳಿಯ ಪಾಲು ಇನ್ನೂ ಹೆಚ್ಚಿದ್ದರೂ ಖರ್ಚು 4.41 ಡಾಲರ್ ದಾಟಲಿಲ್ಲ. ಪ್ರದೇಶ ಹಿಗ್ಗಿದಷ್ಟೂ ಭಾರ ಹಗುರವಾಗುತ್ತದೆ ಎಂಬುದು ಇಲ್ಲಿ ಅಂಕಿಯಲ್ಲಿ ಸಿಕ್ಕಿತು. ಅದೇ ವರ್ಷ ಖಾಸಗಿ ಕಂಪನಿಗಳ, ನಗರಸಭೆಗಳ ಮತ್ತು ಗ್ರಾಮೀಣ ಸಹಕಾರಿಗಳ ಮೂರು ರಾಷ್ಟ್ರಮಟ್ಟದ ಸಂಘಗಳು ಈ ಕೂಟದ ಜೊತೆ ಸೇರಿ ಅಲ್ಲಿಯವರೆಗಿನ ತಿಳಿವಳಿಕೆಯ ಸಾರವನ್ನು ಪ್ರಕಟಿಸಿದವು. ಬೇರೆ ವಿಷಯಗಳಲ್ಲಿ ಜಗಳವಾಡುವ ಮೂವರು ಒಂದೇ ಕಾಗದದ ಕೆಳಗೆ ಹೆಸರು ಹಾಕಿದ್ದು ಸಣ್ಣ ಮಾತಲ್ಲ.

ಗಾಳಿ ಕೈಕೊಟ್ಟು ನಿಜವಾಗಿ ತೊಂದರೆಯಾದದ್ದಿದೆಯೇ?

ಟೆಕ್ಸಾಸ್‌ನಲ್ಲಿ 2008ರ ಫೆಬ್ರುವರಿ 26ರ ಸಂಜೆ ಗಾಳಿ ಇಳಿಯತೊಡಗಿತು. ಅದೇ ಹೊತ್ತಿಗೆ ಸಂಜೆಯ ಬೇಡಿಕೆ ಅಂದಾಜಿಗಿಂತ ಬೇಗ ಏರಿತು. ಕೊಡುತ್ತೇವೆ ಎಂದಿದ್ದ ಕೆಲವು ಮಾಮೂಲಿ ಸ್ಥಾವರಗಳೂ ಅಷ್ಟು ಕೊಡಲಿಲ್ಲ. ಕೊನೆಗೆ ಸುಮಾರು 1,100 ಮೆಗಾವಾಟ್ ಬೇಡಿಕೆಯನ್ನು ಕಡಿತ ಮಾಡಬೇಕಾಯಿತು. ಹಾಗೆ ಮಾಡಲು ಮೊದಲೇ ಒಪ್ಪಿ ಹಣ ಪಡೆಯುತ್ತಿದ್ದ ದೊಡ್ಡ ಬಳಕೆದಾರರದೇ ಅದು, ಮನೆಗಳದಲ್ಲ. ನನ್ನ ಮನಸ್ಸಿಗೆ ನಾಟಿದ್ದು ಬೇರೆ ಸಂಗತಿ: ಗಾಳಿಯ ಮುನ್ಸೂಚನೆ ಆಗ ಪರೀಕ್ಷೆಯ ಹಂತದಲ್ಲಿತ್ತು, ಜಾಲ ನಡೆಸುವವರ ಕೆಲಸದೊಳಗೆ ಇನ್ನೂ ಸೇರಿರಲಿಲ್ಲ.

## ನಮ್ಮ ರಾಜ್ಯದ್ದು

ಕರ್ನಾಟಕದಲ್ಲಿ ಗಾಳಿ ಎಷ್ಟು ಬರುತ್ತದೆಂದು ಯಾರು ಲೆಕ್ಕ ಹಾಕುತ್ತಾರೆ?

ರಾಜ್ಯದ ಪ್ರಸರಣ ಕಂಪನಿಯಾದ ಕೆಪಿಟಿಸಿಎಲ್‌ನ ತಂತಿಗಳ ಮೇಲೆ ಹರಿಯುವುದನ್ನೆಲ್ಲ ನೋಡಿಕೊಳ್ಳುವುದು ಬೆಂಗಳೂರಿನಲ್ಲಿರುವ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ. ದಿನವನ್ನು 15 ನಿಮಿಷಗಳ 96 ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಯಾರು ಎಷ್ಟು ಕೊಡಬೇಕೆಂದು ಮೊದಲೇ ಬರೆದಿಡುತ್ತಾರೆ. ಗಾಳಿ ಸ್ಥಾವರದವರೂ ನಾಳೆ ಇಷ್ಟು ಕೊಡುತ್ತೇವೆ ಎಂದು ಹೇಳಬೇಕು. ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2015ರ ನಿಯಮದಲ್ಲಿ ಶೇ 15ರಷ್ಟು ಹೆಚ್ಚುಕಡಿಮೆಗೆ ವಿನಾಯಿತಿ ಇಟ್ಟು, ಅದರಾಚೆಗೆ ದಂಡ ವಿಧಿಸಿದರು. ದಂಡ ಬಂದ ಮೇಲೆಯೇ ಮುನ್ಸೂಚನೆಗೆ ಬೆಲೆ ಬಂತು. ಅದಕ್ಕೂ ಮೊದಲು ‘ಗಾಳಿ ದೇವರ ಕೈಯಲ್ಲಿದೆ’ ಎಂಬ ಉತ್ತರ ಕೇಳಿ ಕೇಳಿ ಸಾಕಾಗಿತ್ತು.

ಮುಂದೆ ದೇಶದಲ್ಲಿ 11 ನವೀಕರಿಸಬಹುದಾದ ಇಂಧನ ನಿರ್ವಹಣಾ ಕೇಂದ್ರಗಳು ಬಂದವು. ಆ ಕೆಲಸಕ್ಕೆ ಜರ್ಮನಿಯ ತಾಂತ್ರಿಕ ನೆರವು ಇತ್ತು. ಸ್ಪೇನ್ 2006ರಲ್ಲೇ ಇಂಥದ್ದೊಂದು ಕೇಂದ್ರ ತೆರೆದು, 10 ಮೆಗಾವಾಟ್‌ಗಿಂತ ದೊಡ್ಡ ಗಾಳಿ ಸ್ಥಾವರಗಳೆಲ್ಲ ಅದರ ಮಾತು ಕೇಳಬೇಕೆಂದು ಮಾಡಿತ್ತು. ನಮ್ಮ ಇಂಜಿನಿಯರ್‌ಗಳಿಗೆ ಮಾದರಿ ಕಣ್ಣ ಮುಂದೆಯೇ ಇತ್ತು.

ಗಾಳಿ ಜೋರಾಗಿರುವುದು ಮಳೆಗಾಲದಲ್ಲಿ. ಕರೆಂಟು ಬೇಕಾಗುವುದು ಬೇಸಿಗೆಯಲ್ಲಿ. ಹಾಗಾದರೆ ಏನು ಪ್ರಯೋಜನ?

ಕಪ್ಪತಗುಡ್ಡದ ಸಾಲಿನಲ್ಲಿ, ಚಿತ್ರದುರ್ಗದ ಬೆಟ್ಟಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಹಬ್ಬ. ಅದೇ ತಿಂಗಳುಗಳಲ್ಲಿ ಲಿಂಗನಮಕ್ಕಿ ತುಂಬುತ್ತಿರುತ್ತದೆ. ಗಾಳಿ ಕೊಟ್ಟಷ್ಟು ಹೊತ್ತು ಶರಾವತಿಯ 1,035 ಮೆಗಾವಾಟ್ ಯಂತ್ರಗಳನ್ನು ತಗ್ಗಿಸಿದರೆ ನೀರು ಅಣೆಕಟ್ಟೆಯಲ್ಲೇ ಉಳಿಯುತ್ತದೆ, ಏಪ್ರಿಲ್‌ನಲ್ಲಿ ಕೈಗೆ ಸಿಗುತ್ತದೆ. ಜುಲೈನ ಗಾಳಿಯನ್ನು ನೀರಿನ ರೂಪದಲ್ಲಿ ಬೇಸಿಗೆಗೆ ಎತ್ತಿಟ್ಟ ಹಾಗೆ. ಜಲವಿದ್ಯುತ್ ಯಂತ್ರ ನಿಮಿಷಗಳಲ್ಲಿ ಏರುತ್ತದೆ, ಇಳಿಯುತ್ತದೆ. ಗಾಳಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಇಲ್ಲ. ಅಣೆಕಟ್ಟೆ ತುಂಬಿ ಕೋಡಿ ಬೀಳುವ ವರ್ಷ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಹೆಚ್ಚಾದದ್ದನ್ನು ಬೇರೆ ರಾಜ್ಯಕ್ಕೆ ಕೊಡಬಹುದಲ್ಲ?

ಈಗ ಕೊಡಬಹುದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದ ಜೊತೆ ಒಂದೇ ಲಯಕ್ಕೆ ಸೇರಿತು. ಅಲ್ಲಿಯವರೆಗೆ ನಮ್ಮ ಫ್ರೀಕ್ವೆನ್ಸಿ ಬೇರೆ, ಉತ್ತರದ್ದು ಬೇರೆ. ಕೊಳ್ಳುವವರಿದ್ದು ಮಾರ್ಗದಲ್ಲಿ ಜಾಗವೂ ಇದ್ದರೆ ಇಂದು ಗದಗದ ಗಾಳಿ ಎಲ್ಲಿಯವರೆಗೂ ಹೋಗಬಹುದು.

## ಆಳಕ್ಕೆ ಇಳಿಯುವವರಿಗೆ

ಎಲ್ಲೋ ಲೈನ್ ಮೇಲೆ ಮರ ಬಿದ್ದರೆ ದೂರದ ಗಾಳಿಯಂತ್ರ ಏಕೆ ನಿಲ್ಲುತ್ತದೆ?

ಮರ ಬಿದ್ದಾಗ ಕ್ಷಣಕಾಲ ಸುತ್ತಲಿನ ವೋಲ್ಟೇಜ್ ಕುಸಿಯುತ್ತದೆ. ಹಳೆಯ ಗಾಳಿಯಂತ್ರಗಳು ಕುಸಿತ ಕಂಡೊಡನೆ ಕಳಚಿಕೊಳ್ಳುವಂತೆ ಇದ್ದವು. ನಾಲ್ಕು ಯಂತ್ರಗಳಿದ್ದ ಕಾಲಕ್ಕೆ ಅದು ಸರಿಯೇ. ನೂರಾರು ಯಂತ್ರಗಳು ಒಟ್ಟಿಗೆ ಕಳಚಿಕೊಂಡರೆ ಒಂದು ದೊಡ್ಡ ಸ್ಥಾವರವೇ ನಿಂತಂತೆ. ಆದ್ದರಿಂದ ಕುಸಿತವನ್ನು ತಾಳಿಕೊಂಡು ನಿಲ್ಲಬೇಕೆಂಬ ನಿಯಮ ಬಂತು. ಅಮೆರಿಕದಲ್ಲಿ 2005ರಲ್ಲಿ, ನಮ್ಮಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ತಿದ್ದುಪಡಿಯಲ್ಲಿ. 66 ಕಿಲೋವೋಲ್ಟ್ ಅಥವಾ ಅದಕ್ಕೂ ಮೇಲಿನ ಮಟ್ಟದಲ್ಲಿ ಸೇರುವ ಹೊಸ ಗಾಳಿ ಸ್ಥಾವರ, ವೋಲ್ಟೇಜ್ ಮಾಮೂಲಿನ ಶೇ 15ಕ್ಕೆ ಇಳಿದರೂ ಸೆಕೆಂಡಿನ ಒಂದಿಷ್ಟು ಭಾಗ ಜಾಲ ಬಿಡದೆ ನಿಲ್ಲಬೇಕು.

ನಿಯಮ ಪಾಲಿಸಿದ ಮೇಲೂ ದಕ್ಷಿಣ ಆಸ್ಟ್ರೇಲಿಯಾ ಕತ್ತಲಾಯಿತಲ್ಲ, ಏಕೆ?

2016ರ ಸೆಪ್ಟೆಂಬರ್ 28ರಂದು ಸುಂಟರಗಾಳಿ ಅಲ್ಲಿನ ಪ್ರಸರಣ ಮಾರ್ಗಗಳ ಗೋಪುರಗಳನ್ನು ಉರುಳಿಸಿತು. ಸುಮಾರು ಎರಡು ನಿಮಿಷಗಳಲ್ಲಿ ಆರು ಬಾರಿ ವೋಲ್ಟೇಜ್ ಕುಸಿಯಿತು. ಗಾಳಿಯಂತ್ರಗಳು ಒಂದು ಕುಸಿತವನ್ನು ತಾಳಿಕೊಳ್ಳಬಲ್ಲವಾಗಿದ್ದವು, ಎರಡನ್ನೂ ತಾಳಿಕೊಂಡವು. ಆದರೆ ಅಲ್ಪ ಕಾಲದಲ್ಲಿ ಇಂತಿಷ್ಟು ಸಲಕ್ಕಿಂತ ಹೆಚ್ಚು ಕುಸಿದರೆ ಉತ್ಪಾದನೆ ತಗ್ಗಿಸು ಎಂಬ ಸೆಟ್ಟಿಂಗ್ ಹಲವು ಯಂತ್ರಗಳ ಒಳಗಿತ್ತು. ಒಂಬತ್ತು ಗಾಳಿ ಸ್ಥಾವರಗಳಿಂದ ಒಟ್ಟು 456 ಮೆಗಾವಾಟ್ ಕೆಲವೇ ಸೆಕೆಂಡುಗಳಲ್ಲಿ ಹೋಯಿತು. ಆ ಕೊರತೆ ನೆರೆಯ ವಿಕ್ಟೋರಿಯಾದಿಂದ ಬರುವ ಮಾರ್ಗದ ಮೇಲೆ ಬಿದ್ದು, ಅದೂ ಟ್ರಿಪ್ ಆಗಿ, ಅಂದರೆ ತಾನೇ ಕಳಚಿಕೊಂಡು, ಸುಮಾರು 8.5 ಲಕ್ಷ ಗ್ರಾಹಕರು ಕತ್ತಲಲ್ಲಿ ಉಳಿದರು.

ಆ ಸೆಟ್ಟಿಂಗ್ ಇದೆಯೆಂಬುದು ಜಾಲ ನಡೆಸುವವರಿಗೆ ಗೊತ್ತೇ ಇರಲಿಲ್ಲ. ಅವರು ಅದನ್ನು ಮುಚ್ಚಿಡದೆ, ಸೆಕೆಂಡುಗಳ ಲೆಕ್ಕ ಸಹಿತ ವರದಿಯಲ್ಲಿ ಬರೆದರು. ಸೆಟ್ಟಿಂಗ್‌ಗಳು ಬದಲಾದವು. ಆ ವರದಿ ಯಾರು ಬೇಕಾದರೂ ಓದುವಂತಿದೆ.

ನಮ್ಮಲ್ಲಿ ಇಂಥ ವರದಿಗಳು ಹೊರಗೆ ಬರುತ್ತವೆಯೇ?

ದೊಡ್ಡ ಅವಘಡಗಳದ್ದು ಬರುತ್ತದೆ. ಚಿಕ್ಕವು ರಿಜಿಸ್ಟರ್‌ನಲ್ಲೇ ಉಳಿಯುತ್ತವೆ, ನನ್ನ ಸಂಕಟ ಇರುವುದು ಅಲ್ಲಿ. ಒಂದು ಮಳೆಗಾಲದಲ್ಲಿ ಮಧ್ಯ ಕರ್ನಾಟಕದ ಒಂದು ಗಾಳಿ ಸ್ಥಾವರ ವಾರಕ್ಕೆರಡು ಸಲ ಟ್ರಿಪ್ ಆಗುತ್ತಿತ್ತು. ಸಂಜೆ ಏಳರ ಹೊತ್ತಿಗೆ ಉಪಕೇಂದ್ರದಿಂದ ಫೋನು ಬರುತ್ತಿತ್ತು, ಪ್ರತಿ ಸಲವೂ ಕಾರಣದ ಕಾಲಮ್ಮಿನಲ್ಲಿ ‘ಗ್ರಿಡ್ ತೊಂದರೆ’ ಎಂಬ ಎರಡೇ ಪದ. ನಾನೂ ಹಾಗೆಯೇ ಬರೆದುಕೊಂಡೆ. ಮರುವರ್ಷ ಒಂದು ತರಬೇತಿಯಲ್ಲಿ ಚಹಾ ಕುಡಿಯುತ್ತಾ ನಿಂತಾಗ ಇನ್ನೊಂದು ಸ್ಥಾವರದ ಇಂಜಿನಿಯರ್ ಒಬ್ಬರು ಹೇಳಿದರು: ಅದೇ ತಯಾರಿಕೆಯ ಯಂತ್ರಗಳು ತಮ್ಮಲ್ಲೂ ಹಾಗೆಯೇ ಮಾಡುತ್ತಿದ್ದವು, ತೊಂದರೆ ಕಂಡಾಗ ಯಂತ್ರವನ್ನು ಕಳಚಲು ಹೇಳುವ ಒಂದು ರಿಲೇಯ ಸಮಯದ ಸೆಟ್ಟಿಂಗ್ ಬದಲಿಸಿದ ಮೇಲೆ ನಿಂತವು. ಎರಡು ಸ್ಥಾವರಗಳ ನಡುವೆ ಒಂದು ಗಂಟೆಯ ದಾರಿ. ಆ ಮಾಹಿತಿ ಅಷ್ಟು ದೂರ ನಡೆಯಲು ಒಂದು ವರ್ಷ ಹಿಡಿಯಿತು, ಅದೂ ಚಹಾದ ದೆಸೆಯಿಂದ.

ರಾಜ್ಯದ ಎಲ್ಲ ಗಾಳಿ ಸ್ಥಾವರಗಳ ಟ್ರಿಪ್ ವಿವರ, ಕಾರಣ, ಮಾಡಿದ ಪರಿಹಾರ ಒಂದೇ ಕಡೆ, ಎಲ್ಲರಿಗೂ ಕಾಣುವಂತೆ ಇರಬೇಕು. ತಪ್ಪು ಬರೆದವನಿಗೆ ನೋಟಿಸ್ ಕೊಡುವ ಅಭ್ಯಾಸ ಮೊದಲು ನಿಲ್ಲಬೇಕು. ಇಲ್ಲದಿದ್ದರೆ ಆ ಕಾಲಮ್ಮಿನಲ್ಲಿ ಎಂದಿಗೂ ಆ ಎರಡು ಪದಗಳೇ ಇರುತ್ತವೆ.

ಗಾಳಿ ವಿದ್ಯುತ್ತನ್ನು ಕಡ್ಡಾಯವಾಗಿ ಕೊಳ್ಳಬೇಕು ಎನ್ನುತ್ತಾರೆ. ಮತ್ತೆ ನಿಲ್ಲಿಸಿ ಎಂದೂ ಹೇಳುತ್ತಾರಲ್ಲ?

2021ರ ಕೇಂದ್ರ ನಿಯಮದ ಪ್ರಕಾರ ಜಾಲದ ತಾಂತ್ರಿಕ ಅಡಚಣೆ ಅಥವಾ ಸುರಕ್ಷತೆಯ ಕಾರಣವಿದ್ದರೆ ಮಾತ್ರ ನಿಲ್ಲಿಸಬಹುದು, ಬೇರೆ ಕಾರಣಕ್ಕಾದರೆ ಪರಿಹಾರ ಕೊಡಬೇಕು. ಎಷ್ಟು ನಿಲ್ಲಿಸಬೇಕಾದೀತು ಎಂಬ ಲೆಕ್ಕವನ್ನು 2017ರಲ್ಲಿ ನಮ್ಮ ರಾಷ್ಟ್ರೀಯ ಜಾಲ ನಿರ್ವಾಹಕರಾದ ಪೊಸೊಕೊ, ಅಮೆರಿಕದ ಎರಡು ರಾಷ್ಟ್ರೀಯ ಪ್ರಯೋಗಾಲಯಗಳ ಜೊತೆ ಸೇರಿ ಮಾಡಿತು. 100 ಗಿಗಾವಾಟ್ ಸೌರ, 60 ಗಿಗಾವಾಟ್ ಗಾಳಿ ಇದ್ದರೂ 15 ನಿಮಿಷದ ಲೆಕ್ಕದಲ್ಲಿ ಜಾಲ ನಿಭಾಯಿಸಬಹುದು, ವ್ಯರ್ಥವಾಗುವುದು ವರ್ಷಕ್ಕೆ ಶೇ 1.4ರಷ್ಟು ಎಂದು ಬಂತು.

ನಾನು ಎಲೆಕ್ಟ್ರಿಕಲ್ ಓದುತ್ತಿದ್ದೇನೆ. ಇದನ್ನು ಕಲಿಯಲು ಎಲ್ಲಿಂದ ಶುರು ಮಾಡಲಿ ಸಾರ್?

ಪೊಸೊಕೊಗೆ ಈಗ ಗ್ರಿಡ್ ಇಂಡಿಯಾ ಎಂದು ಹೆಸರು. ಅದು ದಿನದಿನದ ವರದಿ ಪ್ರಕಟಿಸುತ್ತದೆ. ಒಂದು ಜುಲೈ, ಒಂದು ಜನವರಿಯ ಕರ್ನಾಟಕದ ಗಾಳಿ ಅಂಕಿಗಳನ್ನು ತೆಗೆದುಕೊಂಡು ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಗುರುತು ಹಾಕಿ. ಆಮೇಲೆ ಕಾಲೇಜಿನಿಂದ ಅನುಮತಿ ಪತ್ರ ಪಡೆದು, ಗಾಳಿ ಸ್ಥಾವರಗಳು ಬಂದು ಸೇರುವ ಒಂದು ಉಪಕೇಂದ್ರಕ್ಕೆ ಜುಲೈನಲ್ಲೇ ಹೋಗಿ. ಪಾಳಿ ಬದಲಾಗುವ ಹೊತ್ತು ಬೇಡ, ಆಗ ಅವರಿಗೆ ಪುರುಸೊತ್ತಿರುವುದಿಲ್ಲ. ಟ್ರಿಪ್ ರಿಜಿಸ್ಟರ್ ತೋರಿಸಿ ಎಂದು ಕೇಳಿ. ‘ಗ್ರಿಡ್ ತೊಂದರೆ’ ಎಂದು ಬರೆದಿರುವ ಸಾಲು ಕಂಡರೆ ಅದರ ಮೇಲೆ ಬೆರಳಿಟ್ಟು, ಆ ದಿನ ನಿಜವಾಗಿ ಏನಾಯಿತು ಎಂದು ಪಾಳಿಯಲ್ಲಿರುವವರನ್ನು ಕೇಳಿ. ಹೇಳುತ್ತಾರೆ, ಬರೆದುಕೊಳ್ಳಿ.